ಅಲೆ ದೊಡ್ಡದು, ಉಪಗ್ರಹ ಚಿಕ್ಕದು

"ಮೊಬೈಲ್ ಇಷ್ಟು ಚಿಕ್ಕದಾಯ್ತು, ಉಪಗ್ರಹದ ಆಂಟೆನಾ ಯಾಕೆ ಆಗಲ್ಲ?" ಅಂತ ಗೆಳೆಯರು ನನ್ನನ್ನು ಕೇಳ್ತಿರ್ತಾರೆ. ಚಿಪ್ ಕುಗ್ಗಿಸಬಹುದು, ರೇಡಿಯೊ ಅಲೆ ಅಷ್ಟು ಸುಲಭಕ್ಕೆ ಕುಗ್ಗೋದಿಲ್ಲ ಅನ್ನೋದೇ ನನ್ನ ಉತ್ತರ.

ಹೆಲಿಕಲ್ ಆಂಟೆನಾ ಅಂದರೆ ಸ್ಪ್ರಿಂಗ್‌ನಂತೆ ಸುತ್ತಿದ ತಂತಿ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಕ್ರಾಸ್ 1946ರಲ್ಲಿ ಇದನ್ನು ಕಂಡುಹಿಡಿದರು. ಇದರಿಂದ ಹೊರಡುವ ಅಲೆ ತಿರುಗುತ್ತಾ ಸಾಗುತ್ತದೆ. ಹಾಗಾಗಿ ಉಪಗ್ರಹ ಗಿರಕಿ ಹೊಡೆದರೂ ಸಂಪರ್ಕ ಕಡಿಯೋದು ಕಡಿಮೆ. ಜಿಪಿಎಸ್ ಉಪಗ್ರಹಗಳಲ್ಲೂ ಇಂಥ ಸುರುಳಿಗಳೇ ಇವೆ.

ತೊಡಕಿರೋದು ಅಳತೆಯಲ್ಲಿ. ಒಂದು ಸುತ್ತಿನ ಉದ್ದ ಹೆಚ್ಚುಕಡಿಮೆ ಒಂದು ಅಲೆಯಷ್ಟಿರಬೇಕು. 400 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 75 ಸೆಂ.ಮೀ., ಅಂದರೆ ಸುರುಳಿಯ ಅಗಲ ಸುಮಾರು 24 ಸೆಂ.ಮೀ. ಪುಟ್ಟ ಕ್ಯೂಬ್‌ಸ್ಯಾಟ್‌ನ ಅಗಲವೇ ಬರೀ 10 ಸೆಂ.ಮೀ.!

ದಾರಿ ಎರಡಿವೆ. ಸೆರಾಮಿಕ್ ಮೇಲೆ ತಂತಿ ಸುತ್ತಿದರೆ ಅಲೆ ಅದರೊಳಗೆ ನಿಧಾನವಾಗಿ ಗಿಡ್ಡವಾಗುತ್ತದೆ, ಆಂಟೆನಾನೂ ಚಿಕ್ಕದಾಗುತ್ತದೆ. ಆದರೆ ಬ್ಯಾಂಡ್‌ವಿಡ್ತ್ ಕಿರಿದಾಗಿ, ಸಿಗ್ನಲ್ ಬಲವೂ ತಗ್ಗುತ್ತದೆ. ಇನ್ನೊಂದು, ಬಾಗುವ ಸುರುಳಿಯನ್ನು ಮಡಚಿಟ್ಟು ಕಕ್ಷೆಯಲ್ಲಿ ಬಿಚ್ಚೋದು. ಬಿಚ್ಚದಿದ್ದರೆ? ಮಾತೇ ಬಂದ್, ಅಲ್ಲಿ ರಿಪೇರಿ ಮಾಡೋರು ಯಾರೂ ಇಲ್ಲ.

ನಾಲ್ಕು ಅಂಕಿ ಕಳಿಸೋಕೆ ಸೆರಾಮಿಕ್ ಸಾಕು. ದೊಡ್ಡ ಚಿತ್ರಗಳು ಬೇಕಿದ್ದರೆ, ಅಪಾಯವಿದ್ದರೂ ನನ್ನ ವೋಟು ಬಿಚ್ಚುವ ಸುರುಳಿಗೇ.