ನಿಮಗಿದು ಗೊತ್ತೇ? ಕಡಲನ್ನು ಗೆದ್ದ ವಾಚಿಗೆ ಬಚ್ಚಲುಮನೆಯ ಭಯ

1927ರ ಅಕ್ಟೋಬರ್ 21ರಂದು ಲಂಡನ್ನಿನ ಟೈಪಿಸ್ಟ್ ಮರ್ಸಿಡಿಸ್ ಗ್ಲೈಟ್ಸ್ ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಾಗ ಕೊರಳಿಗೆ ರೋಲೆಕ್ಸ್ ಆಯ್‌ಸ್ಟರ್ ವಾಚೊಂದನ್ನು ಕಟ್ಟಿಕೊಂಡಿದ್ದರು. ಎರಡು ವಾರ ಮೊದಲು ಅವರು ಕಾಲುವೆ ಈಜಿದ್ದನ್ನು ಹಲವರು ನಂಬಿರಲಿಲ್ಲ. ಅದಕ್ಕೇ ಈ ಎರಡನೆಯ ಪ್ರಯತ್ನ. ಹತ್ತು ಗಂಟೆಗೂ ಹೆಚ್ಚು ಹೊತ್ತು ಕೊರೆಯುವ ನೀರಿನಲ್ಲಿ ಈಜಿದ ಅವರನ್ನು ದಡ ಮುಟ್ಟುವ ಮೊದಲೇ ದೋಣಿಗೆ ಎತ್ತಿಕೊಳ್ಳಬೇಕಾಯಿತು. ವಾಚು ಮಾತ್ರ ಚೆನ್ನಾಗಿಯೇ ನಡೆಯುತ್ತಿತ್ತು.

ಡೈವ್ ವಾಚು ಅಂದಕೂಡಲೇ ಕಣ್ಣಿಗೆ ಬರುವ ರೂಪ, ಅಂದರೆ ಕಪ್ಪು ಡಯಲ್ಲು, ಕತ್ತಲಲ್ಲಿ ಹೊಳೆಯುವ ದಪ್ಪ ಮುಳ್ಳು, ಸುತ್ತ ತಿರುಗುವ ಬೆಜೆಲ್ ಎಂಬ ಬಳೆ, ನೆಲೆಗೊಂಡದ್ದು 1953ರಲ್ಲಿ. ಬ್ಲಾಂಪಾ ಕಂಪನಿಯ ಮುಖ್ಯಸ್ಥ ಜಾನ್-ಜಾಕ್ ಫಿಶ್ಟರ್ ಸ್ವತಃ ಮುಳುಗುಗಾರ. ಒಮ್ಮೆ ನೀರಿನಡಿಯಲ್ಲಿ ಹೊತ್ತಿನ ಅಂದಾಜು ತಪ್ಪಿ ಉಸಿರಾಟದ ಗಾಳಿಯೇ ಮುಗಿದುಹೋಗಿತ್ತು. ಆ ಅನುಭವಕ್ಕೆ ಫ್ರಾನ್ಸಿನ ನೌಕಾಪಡೆಯ ಮುಳುಗುಪಡೆಯನ್ನು ಕಟ್ಟಿದ ರೋಬೇರ್ ಮಾಲುಬಿಯೇ ಅವರ ಬೇಡಿಕೆಗಳೂ ಸೇರಿ 'ಫಿಫ್ಟಿ ಫ್ಯಾದಮ್ಸ್' ಹುಟ್ಟಿತು. ಐವತ್ತು ಫ್ಯಾದಮ್ ಅಂದರೆ ಸುಮಾರು 91 ಮೀಟರ್ ಆಳ.

ಬೆಜೆಲ್ ಒಂದೇ ದಿಕ್ಕಿಗೆ ತಿರುಗುವುದೇಕೆ ಗೊತ್ತೇ? ಬಂಡೆಗೆ ತಾಗಿ ಅದು ಜರುಗಿಬಿಟ್ಟರೂ ಕಳೆದ ಸಮಯವನ್ನು ಹೆಚ್ಚಾಗಿಯೇ ತೋರಿಸಬೇಕು, ಕಡಿಮೆಯಾಗಿ ಎಂದಿಗೂ ತೋರಿಸಬಾರದು. ಆಗ ಮುಳುಗಿದವರು ಬೇಗ ಮೇಲೆ ಬರುತ್ತಾರೆ, ತಡವಾಗಿ ಅಲ್ಲ. ಯಂತ್ರ ತಪ್ಪುವುದಾದರೂ ಜೀವ ಉಳಿಯುವ ಕಡೆಗೇ ತಪ್ಪಲಿ ಎಂದು ಯೋಚಿಸಿದವರ ಬಗ್ಗೆ ನನಗೆ ಅಪಾರ ಗೌರವ. ವರ್ಷಗಟ್ಟಲೆ ಕಟ್ಟಿಕೊಂಡವರು ಇದೇ ಬೆಜೆಲ್ಲಿನಲ್ಲಿ ಅನ್ನಕ್ಕೆ ಇಟ್ಟ ಹೊತ್ತನ್ನೂ, ಪಾರ್ಕಿಂಗಿನ ಗಡುವನ್ನೂ ಗುರುತು ಮಾಡಿಕೊಳ್ಳುತ್ತಾರೆ. ನಿಮಿಷದ ಮುಳ್ಳಿನ ಎದುರಿಗೆ ಬೆಜೆಲ್ಲಿನ ತ್ರಿಕೋನ ತಂದು ನಿಲ್ಲಿಸಿದರೆ ಮುಗಿಯಿತು.

ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 200 ಮೀಟರ್ ಆಳದಲ್ಲಿ 30 ಮಿಲಿಮೀಟರ್ ಅಗಲದ ಗಾಜಿನ ಮೇಲೆ ಬೀಳುವ ಭಾರ 140 ಕಿಲೋಗೂ ಹೆಚ್ಚು.

ಸಾಮಾನ್ಯ ವಾಚಿನ ಮೇಲಿನ '30 ಮೀಟರ್' ಬರಹ ನಂಬಿ ಈಜುಕೊಳಕ್ಕೆ ಇಳಿಯಬೇಡಿ. ಅದು ಮಳೆಹನಿಗೂ ಕೈ ತೊಳೆಯುವುದಕ್ಕೂ ಸಾಕು, ಅಷ್ಟೇ. ನಿಜವಾದ ಡೈವ್ ವಾಚಿಗೆ ಐಎಸ್ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕನಿಷ್ಠ 100 ಮೀಟರ್ ಆಳ ತಾಳಬೇಕು. ಬರೆದಿರುವುದಕ್ಕಿಂತ ಶೇ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಯಾಗಬೇಕು. ಕಗ್ಗತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಬೇಕು. ವಾಚು ನಡೆಯುತ್ತಿದೆ ಎಂಬುದೂ ಕತ್ತಲಲ್ಲಿ ತಿಳಿಯಬೇಕು. ಸೆಕೆಂಡ್ ಮುಳ್ಳಿಗೆ ಹೊಳೆಯುವ ಚುಕ್ಕೆ ಇರುವುದು ಅದಕ್ಕೇ.

1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ 'ಟ್ರಿಯೆಸ್ಟ್' ನೌಕೆಯಲ್ಲಿ ಮರಿಯಾನಾ ಕಮರಿಯ ತಳ ಮುಟ್ಟಿದರು. ನೌಕೆಯ ಹೊರಮೈಗೆ ಕಟ್ಟಿದ್ದ ರೋಲೆಕ್ಸ್ ವಾಚು ಚದರ ಸೆಂಟಿಮೀಟರಿಗೆ ಒಂದು ಟನ್ನಿಗೂ ಮೀರಿದ ಒತ್ತಡ ತಾಳಿ, ಮೇಲೆ ಬಂದಾಗಲೂ ನಡೆಯುತ್ತಿತ್ತು.

ನೀರು ಹೊಗದ ವಾಚಿನೊಳಕ್ಕೆ ಹೀಲಿಯಂ ಹೊಗುತ್ತದೆ! ಕಡಲಾಳದಲ್ಲಿ ದಿನಗಟ್ಟಲೆ ದುಡಿಯುವವರು ಹೀಲಿಯಂ ಬೆರೆತ ಗಾಳಿಯ ಕೋಣೆಯಲ್ಲಿ ವಾಸಿಸುತ್ತಾರೆ. ಆ ಅತಿಸಣ್ಣ ಅಣುಗಳು ವಾಷರುಗಳನ್ನು ದಾಟಿ ಒಳಸೇರುತ್ತವೆ. ಮೇಲೆ ಬರುವಾಗ ಹೊರಗಿನ ಒತ್ತಡ ಇಳಿದು, ಒಳಗಿನ ಅನಿಲ ಗಾಜನ್ನೇ ಚಿಮ್ಮಿಸಿಬಿಡುತ್ತದೆ. 1967ರ ರೋಲೆಕ್ಸ್ ಸೀ-ಡ್ವೆಲರ್‌ನಲ್ಲಿ ಅನಿಲ ಹೊರಬಿಡಲು ಪುಟ್ಟ ಕವಾಟ ಇಟ್ಟರು. ಜಪಾನಿನ ಸೀಕೋ ಹಿಡಿದದ್ದು ಬೇರೆ ದಾರಿ. ಹಿರೋಶಿಮಾ ಪ್ರಾಂತದ ವೃತ್ತಿಪರ ಮುಳುಗುಗಾರರೊಬ್ಬರು 1968ರಲ್ಲಿ ದೂರಿನ ಪತ್ರ ಬರೆದಿದ್ದರು. ಕಂಪನಿ ಅದನ್ನು ಮೂಲೆಗೆ ಎಸೆಯಲಿಲ್ಲ. ಏಳು ವರ್ಷ ದುಡಿದು, 1975ರಲ್ಲಿ ಟೈಟಾನಿಯಂ ಕವಚದ 600 ಮೀಟರ್ ವಾಚು ತಂದಿತು. ಹೀಲಿಯಂ ಒಳಬರದಂತೆ ಎಲ್ ಆಕಾರದ ವಾಷರನ್ನು ಅದರಲ್ಲಿ ಕೂರಿಸಿದ್ದರು. ಒಬ್ಬ ಬಳಕೆದಾರನ ಪತ್ರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಾರದು.

ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ವಾಚುಗಳು ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಅದೇ ಸಿಟಿಜನ್ 1977ರಲ್ಲಿ ಹೊರತಂದ ಒಂದು ಡೈವ್ ವಾಚು 1983ರಲ್ಲಿ ಆಸ್ಟ್ರೇಲಿಯಾದ ಲಾಂಗ್ ರೀಫ್ ಕಡಲತಡಿಯಲ್ಲಿ ಸಿಕ್ಕಿತು. ದೋಣಿಯ ತಳಕ್ಕೆ ಕಚ್ಚಿಕೊಳ್ಳುವಂಥ ಚಿಪ್ಪುಜೀವಿಗಳು ಅದರ ಮೈತುಂಬ ಬೆಳೆದಿದ್ದವು. ಆದರೂ ವಾಚು ಓಡುತ್ತಿತ್ತು.

ಇಷ್ಟು ಗಟ್ಟಿಯಾದ ವಾಚು ಕೆಡುವುದು ಹೆಚ್ಚಾಗಿ ಕಡಲಲ್ಲಲ್ಲ, ಮನೆಯಲ್ಲಿ. ನೀರನ್ನು ತಡೆಯುವುದು ಉಕ್ಕಲ್ಲ. ಹಿಂಬದಿಯ ಮುಚ್ಚಳದಲ್ಲಿ, ಗಾಜಿನ ಅಂಚಿನಲ್ಲಿ, ಪಕ್ಕದ ಕೀಯಲ್ಲಿ ಕೂತ ತೆಳ್ಳನೆಯ ವಾಷರುಗಳು. ರಬ್ಬರಿಗೆ ಮುಪ್ಪು ಬರುತ್ತದೆ. ಬಿಸಿನೀರ ಸ್ನಾನದ ಹಬೆ, ಸೋಪು, ಶಾಂಪೂ ಆ ಮುಪ್ಪನ್ನು ಬೇಗ ತರುತ್ತವೆ. ಹತ್ತು ವರ್ಷದ ಹಿಂದೆ ಬರೆದ '200 ಮೀಟರ್' ಇವತ್ತಿಗೂ ಸತ್ಯವೆಂದು ನಂಬುವಂತಿಲ್ಲ. ನೇತ್ರಾಣಿಯ ಹವಳದ ದಿಬ್ಬ ನೋಡಲು ಮುರುಡೇಶ್ವರಕ್ಕೆ ಹೊರಟಿದ್ದರೆ ಮೊದಲು ಒತ್ತಡ ಪರೀಕ್ಷೆ ಮಾಡಿಸಿ. ಕಡಲಿನಿಂದ ಬಂದಮೇಲೆ ಕೀ ಬಿಗಿಯಾಗಿದೆಯೇ ನೋಡಿ, ಸಿಹಿನೀರಿನಲ್ಲಿ ತೊಳೆದು, ಬೆಜೆಲ್ಲನ್ನು ನಾಲ್ಕು ಸುತ್ತು ತಿರುಗಿಸಿ. ಅದರಡಿ ಕೂತ ಉಪ್ಪೂ ಮರಳೂ ಹೋಗಬೇಕು.

ಕೀ ಬಿಗಿಮಾಡುವಾಗ ನೇರವಾಗಿ ತಿರುಪಬೇಡಿ. ಮೆಲ್ಲನೆ ಒತ್ತಿ, ಮೊದಲು ಹಿಂದಕ್ಕೆ ತಿರುಗಿಸಿ. 'ಟಿಕ್' ಎಂದು ಕೀಯ ತಿರುಪಿನ ಮರೆ ಕೂತದ್ದು ಬೆರಳಿಗೆ ತಿಳಿಯುತ್ತದೆ. ಆಮೇಲೆ ಮುಂದಕ್ಕೆ. ಈ ಒಂದು ಅಭ್ಯಾಸದಿಂದ ಮರೆ ಸವೆಯದೆ ದಶಕಗಳ ಕಾಲ ಉಳಿಯುತ್ತದೆ.

ತಾರೀಖನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಬದಲಿಸಬಾರದು. ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಚಕ್ರಗಳು ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ಹಲ್ಲು ಮುರಿಯಬಹುದು.

ನಿಮ್ಮ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಒಂದೆರಡು ನಿಮಿಷ ಮುಂದೆ ಓಡುತ್ತಿದೆಯೇ? ಸ್ಪೀಕರ್ ಇಲ್ಲವೇ ಟ್ಯಾಬ್ಲೆಟ್ ಕವರಿನ ಅಯಸ್ಕಾಂತ ತಾಗಿರಬಹುದು. ಹೇರ್‌ಸ್ಪ್ರಿಂಗ್ ಎಂಬ, ವಾಚಿನ ಮಿಡಿತ ಕಾಯುವ ಸಣ್ಣ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗು ಗಿಡ್ಡವಾದಂತಾಗಿ ವೇಗ ಏರುತ್ತದೆ. ದಿಕ್ಸೂಚಿಯನ್ನು ಹತ್ತಿರ ಹಿಡಿದು ಅದರ ಮುಳ್ಳು ಅಲುಗಾಡುತ್ತದೆಯೇ ನೋಡಿ. ವಾಚ್ ರಿಪೇರಿಯವರ ಬಳಿ ಕಾಂತತೆ ತೆಗೆಯುವ ಪುಟ್ಟ ಪೆಟ್ಟಿಗೆ ಇರುತ್ತದೆ, ಅರೆಕ್ಷಣದ ಕೆಲಸ.

ಸೀಕೋದ ಪ್ರಸಿದ್ಧ ಎಸ್‌ಕೆಎಕ್ಸ್007 ವಾಚಿಗೆ ಕೈಯಿಂದ ಕೀ ಕೊಡಲು ಬರುವುದಿಲ್ಲ! ತೋಳಾಡಿಸಿದರೆ ಒಳಗಿನ ತೂಕ ತಿರುಗಿ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ. ಅದರ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 6 ಬಾರಿ ಮಿಡಿಯುತ್ತದೆ. ದಿನಕ್ಕೆ 5,18,400, ವರ್ಷಕ್ಕೆ ಸುಮಾರು 18.9 ಕೋಟಿ. ಇಷ್ಟು ಮಿಡಿದೂ ದಿನಕ್ಕೆ 10 ಸೆಕೆಂಡು ವ್ಯತ್ಯಾಸವಾದರೆ ಅದು ಶೇ 0.012ಕ್ಕೂ ಕಡಿಮೆ. ಅದನ್ನು ದೋಷ ಎನ್ನಲು ನನಗೆ ಮನಸ್ಸಿಲ್ಲ.

ರಾತ್ರಿ ಬಿಚ್ಚಿಡುವ ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಡಯಲ್ ಮೇಲೆ ಮಾಡಿ ಮಲಗಿಸಿದಾಗ ಒಂದು ವೇಗ, ಕೀ ಕೆಳಗೆ ಮಾಡಿ ನಿಲ್ಲಿಸಿದಾಗ ಇನ್ನೊಂದು. ಕೆಲವು ರಾತ್ರಿ ಗಮನಿಸಿ, ಹಗಲಿನ ವ್ಯತ್ಯಾಸವನ್ನು ತುಂಬಿಕೊಡುವ ಭಂಗಿ ಆರಿಸಿಕೊಳ್ಳಬಹುದು.

ಹಳೆಯ ವಾಚುಗಳ ಹೊಳಪು ರೇಡಿಯಂನದು, ಆಮೇಲಿನದು ಟ್ರಿಟಿಯಂನದು. ಟ್ರಿಟಿಯಂ ಸುಮಾರು 12.3 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಅಜ್ಜನ ವಾಚು ಈಗ ಕತ್ತಲಲ್ಲಿ ಕಾಣದು. ರೇಡಿಯಂನ ಕತೆ ಬೇರೆ: ಹೊಳಪು ಸತ್ತರೂ ವಿಕಿರಣ ಸತ್ತಿರುವುದಿಲ್ಲ, ಅದರ ಅರ್ಧಾಯುಷ್ಯವೇ ಸುಮಾರು 1,600 ವರ್ಷ. ಅಂಥ ಡಯಲ್ಲನ್ನು ಮನೆಯಲ್ಲಿ ಬಿಚ್ಚಿ ಕೆರೆಯಬೇಡಿ. ಈಗಿನ ಬಹುತೇಕ ವಾಚುಗಳಲ್ಲಿರುವುದು ವಿಕಿರಣವಿಲ್ಲದ ಲುಮಿನೋವಾ ಬಗೆಯದು. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ಕಂಡುಹಿಡಿದದ್ದು.

ದುಬಾರಿ ವಾಚು ಕಳೆದುಹೋಗಲು ಅತಿ ಅಗ್ಗದ ಭಾಗವೊಂದು ಸಾಕು: ಬೆಲ್ಟ್ ಹಿಡಿದಿರುವ ಸ್ಪ್ರಿಂಗ್ ಪಿನ್ನು. ಬೆವರಿನ ಉಪ್ಪಿಗೆ ಅದು ತುಕ್ಕು ಹಿಡಿಯುತ್ತದೆ. ಬೆಲ್ಟ್ ಬದಲಿಸಿದಾಗಲೆಲ್ಲ ಪಿನ್ನನ್ನೂ ಬದಲಿಸಿ.

ಸರ್ವೀಸಿಗೆ ಕೊಡುವಾಗ ಒಂದು ಮಾತು ಮೊದಲೇ ಹೇಳಿಬಿಡಿ: ಕವಚಕ್ಕೆ ಪಾಲಿಶ್ ಬೇಡ. ಪ್ರತಿ ಪಾಲಿಶಿನಲ್ಲೂ ಒಂದಿಷ್ಟು ಲೋಹ ಹೋಗಿ ಅಂಚುಗಳು ಮೊಂಡಾಗುತ್ತವೆ, ಮತ್ತೆ ಬರುವುದಿಲ್ಲ. ಗೀರುಗಳಿರಲಿ. ಎಣ್ಣೆಯೂ ವಾಷರೂ ಹೊಸದಾದರೆ ಸಾಕು.