ವೈರಿಗಳಾಗಲು ಒಲ್ಲೆವು ಎಂದವರು

ಬೆತ್ಲೆಹೇಮ್ ಅಂದ ಕೂಡಲೇ ನಿಮಗೇನು ನೆನಪಾಗುತ್ತೆ, ಹೇಳಿ? ಕ್ರಿಸ್‌ಮಸ್ ಹೊತ್ತಿಗೆ ಚರ್ಚಿನ ಅಂಗಳದಲ್ಲಿ ಕಟ್ಟುವ ಗೋದಲಿ, ಒಣಹುಲ್ಲಿನ ಮೇಲೆ ಮಲಗಿಸಿದ ಪುಟ್ಟ ಬೊಂಬೆ, ಪಕ್ಕದಲ್ಲಿ ಕುರಿ-ದನ, ಮೇಲೊಂದು ಬೆಳ್ಳಿ ಕಾಗದದ ನಕ್ಷತ್ರ, ಅಲ್ವೇ? ಆ ಊರು ಈಗಲೂ ಇದೆ, ಅಲ್ಲೂ ನಮ್ಮ ನಿಮ್ಮ ಹಾಗೆ ಬೆಳಿಗ್ಗೆ ಎದ್ದು ಒಲೆ ಹಚ್ಚುವ, ಮಕ್ಕಳ ತಲೆ ಬಾಚುವ ತಾಯಂದಿರಿದ್ದಾರೆ ಅನ್ನುವುದು ಅನೇಕರಿಗೆ ಹೊಳೆಯುವುದೇ ಇಲ್ಲ. ಪೇಪರಿನಲ್ಲಿ ಆ ಕಡೆಯ ಯುದ್ಧದ ಸುದ್ದಿ ಬಂದರೆ, "ಅಯ್ಯೋ, ಅದು ಯಾವತ್ತೂ ಮುಗಿಯದ ಜಗಳ" ಎಂದು ಪುಟ ತಿರುಗಿಸಿಬಿಡುತ್ತೇವೆ. ಆ ಜಗಳದ ನಡುವೆ ನಿಂತು ಕೆಲವರು ಏನು ಮಾಡುತ್ತಿದ್ದಾರೆ ಎಂಬುದನ್ನು ಈ ಸಲ ನಿಮಗೆ ಹೇಳೋಣವೆನಿಸಿತು. ರಾಜಕೀಯ ಬೇಡವೆನ್ನುವವರು ಹೆದರಬೇಡಿ. ಇದು ಹೆಚ್ಚಾಗಿ ಒಂದು ಹೊಲದ, ಒಂದು ಶಾಲೆ ದಾರಿಯ, ಒಂದು ಹಳ್ಳಿಯ ಕತೆ.

ಆದರೂ ಹಿನ್ನೆಲೆ ನಾಲ್ಕು ಮಾತಿನಲ್ಲಿ ಹೇಳಲೇಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಯೂರೋಪಿನಲ್ಲಿ 60 ಲಕ್ಷ ಯಹೂದಿಗಳನ್ನು ಹಿಟ್ಲರನ ಕಡೆಯವರು ಕೊಂದರು. ತಮಗೆ ತಮ್ಮದೇ ಒಂದು ನೆಲೆ ಬೇಕೆಂದು ಹಂಬಲಿಸಿದ್ದವರಿಗೆ 1948ರಲ್ಲಿ ಇಸ್ರೇಲ್ ದೇಶವಾಯಿತು. ಅದೇ ಹೊತ್ತಿನ ಯುದ್ಧದಲ್ಲಿ ತಲೆತಲಾಂತರದಿಂದ ಅಲ್ಲೇ ಇದ್ದ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಎಷ್ಟೋ ಮಂದಿ ಬಾಗಿಲಿಗೆ ಬೀಗ ಹಾಕಿ, ನಾಲ್ಕು ದಿನದಲ್ಲಿ ಬರೋಣವೆಂದು ಕೀಲಿಕೈ ಹಿಡಿದು ಹೊರಟವರು ಮತ್ತೆ ಆ ಬಾಗಿಲು ತೆರೆಯಲಿಲ್ಲ. 1967ರ ಯುದ್ಧದಲ್ಲಿ ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರುಸಲೇಮ್ ಕೂಡ ಇಸ್ರೇಲಿನ ಕೈಗೆ ಬಂದವು. ಪಶ್ಚಿಮ ದಂಡೆಯ ಗುಡ್ಡಗಳ ಮೇಲೆ ಒಂದೊಂದಾಗಿ ಯಹೂದಿ ವಸಾಹತುಗಳು ಎದ್ದವು. ಪ್ಯಾಲೆಸ್ತೀನಿಯರೆಲ್ಲ ಮುಸಲ್ಮಾನರೆಂದು ನಾವು ಅಂದುಕೊಳ್ಳುತ್ತೇವೆ, ಹಾಗಲ್ಲ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಸಂಖ್ಯೆ ಬಹಳ ಕಡಿಮೆ, ಆದರೆ ಯೇಸು ಹುಟ್ಟಿದ ನೆಲದಲ್ಲೇ ಅವರ ಬೇರು.

ಅಂಥ ಒಂದು ಕ್ರೈಸ್ತ ಮನೆತನ ನಾಸರ್ ಅವರದು. ಬೆತ್ಲೆಹೇಮಿನ ನೈರುತ್ಯಕ್ಕೆ, ನಹಾಲಿನ್ ಎಂಬ ಹಳ್ಳಿಯ ಹತ್ತಿರ ಗುಡ್ಡದ ಮೇಲೆ ಇವರ ಹೊಲ. ಸುಮಾರು ನೂರು ಎಕರೆ. ದ್ರಾಕ್ಷಿ, ಬಾದಾಮಿ, ಅಂಜೂರ, ಆಲಿವ್, ಏಪ್ರಿಕಾಟ್ ಎಲ್ಲ ಉಂಟು. 1916ರಲ್ಲಿ, ತುರ್ಕರ ಆಡಳಿತದ ಕಾಲದಲ್ಲಿ, ಅಜ್ಜ ಈ ಜಮೀನು ಕೊಂಡರು. ಆಗೆಲ್ಲ ಸುತ್ತಲಿನವರು ಜಮೀನು ರಿಜಿಸ್ಟ್ರಿ ಮಾಡಿಸಲು ಹಿಂಜರಿಯುತ್ತಿದ್ದರಂತೆ, ಕಾಗದದ ಮೇಲೆ ಹೆಸರು ಬಂದರೆ ಕಂದಾಯ ಕಟ್ಟಬೇಕಲ್ಲ! ಅಜ್ಜ ಮಾತ್ರ ಬುದ್ಧಿವಂತ, ತನ್ನ ಹೆಸರಿಗೇ ಬರೆಸಿಕೊಂಡ. ತುರ್ಕರು ಹೋಗಿ ಬ್ರಿಟಿಷರು ಬಂದರು, ಆಮೇಲೆ ಜೋರ್ಡಾನ್, ಆಮೇಲೆ ಇಸ್ರೇಲ್. ದೊರೆಗಳು ಬದಲಾದಂತೆಲ್ಲ ಈ ಮನೆಯವರು ಕಾಗದಪತ್ರ ಜೋಪಾನ ಮಾಡಿಕೊಂಡು ಬಂದರು. ಪಹಣಿಗಾಗಿ ತಾಲೂಕು ಕಚೇರಿಗೆ ಅಲೆದು ಗೊತ್ತಿರುವ ನಮಗೆ ಆ ಜೋಪಾನದ ಬೆಲೆ ಏನೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

1991ರಲ್ಲಿ ಆ ಗುಡ್ಡವನ್ನು ಸರ್ಕಾರಿ ಜಮೀನೆಂದು ಸಾರಲಾಯಿತು. ಬೇರೆಯವರಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇವರು ಪೆಟ್ಟಿಗೆ ತೆಗೆದು ಪತ್ರಗಳನ್ನು ಹರವಿದರು, ವಕೀಲರನ್ನು ಹಿಡಿದರು. ಸೈನಿಕ ನ್ಯಾಯಾಲಯ, ಸುಪ್ರೀಂ ಕೋರ್ಟು ಎಂದು ಸುತ್ತು ಶುರುವಾಯಿತು. ಮೂವತ್ತು ವರ್ಷಕ್ಕೂ ಮೇಲಾಯಿತು ನೋಡಿ! ಸುತ್ತ ಗುಡ್ಡಗಳ ಮೇಲೆಲ್ಲ ವಸಾಹತುಗಳು. ಇವರಿಗೆ ಮಾತ್ರ ಕಟ್ಟಡ ಕಟ್ಟಲು ಪರವಾನಗಿ ಇಲ್ಲ, ಕಟ್ಟಿದರೆ ಕೆಡವುವ ನೋಟೀಸು. ಹಾಗಾಗಿ ಅಜ್ಜನ ಕಾಲದ ಗುಹೆಗಳನ್ನೇ ಸಾರಿಸಿ ಗುಡಿಸಿ ಕೂಡುವ ಜಾಗ ಮಾಡಿಕೊಂಡರು. ಮಳೆ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟರು, ಬಿಸಿಲಿನಿಂದ ವಿದ್ಯುತ್ ಮಾಡಿಕೊಂಡರು. ರಸ್ತೆಗೆ ದೊಡ್ಡ ಬಂಡೆಗಳನ್ನು ಅಡ್ಡ ಹಾಕಿದಾಗ ನಡೆದೇ ಹತ್ತಿದರು.

ಒಮ್ಮೆ ವಸಾಹತಿನ ಕೆಲವರು ಬಂದು ಆಲಿವ್ ಗಿಡಗಳನ್ನು ಕಿತ್ತು ಹಾಕಿದರು. ಆಗ ಹೊಸ ಸಸಿ ತಂದುಕೊಟ್ಟವರು ಯಾರು ಗೊತ್ತೇ? ಯೂರೋಪಿನ ಯಹೂದಿಗಳದೇ ಒಂದು ಸಂಘ! 2014ರ ಮೇ ತಿಂಗಳಲ್ಲಂತೂ, ಕಾಯಿ ಹಣ್ಣಾಗುವ ಹೊತ್ತಿಗೆ ಸರಿಯಾಗಿ, ಸೇನೆಯ ಬುಲ್ಡೋಜರು ಬಂದು ನೂರಾರು ಹಣ್ಣಿನ ಮರಗಳನ್ನು ಮಣ್ಣಿನಡಿ ಹೂತುಹೋಯಿತು. ಮನೆಯವರ ಲೆಕ್ಕದ ಪ್ರಕಾರ ಸುಮಾರು 1,500 ಮರ. ಹಿತ್ತಲಿನ ಒಂದು ನಿಂಬೆಗಿಡವನ್ನು ಮೇಕೆ ತಿಂದರೇ ನಾವು ವಾರವಿಡೀ ಗೊಣಗುತ್ತೇವೆ. 2022ರ ಜನವರಿಯಲ್ಲಿ ಮುಖ ಮುಚ್ಚಿಕೊಂಡ ಕೆಲವರು ಬಂದು ದಾವೂದ್ ನಾಸರ್ ಮತ್ತು ಅವರ ಅಣ್ಣನನ್ನು ಹೊಲದಲ್ಲೇ ಹೊಡೆದು ಗಾಯಗೊಳಿಸಿದರು.

ಇಷ್ಟಾದರೂ ಆ ಹೊಲದ ಬಾಗಿಲಲ್ಲಿ ಒಂದು ಕಲ್ಲಿದೆ, ಅದರ ಮೇಲೆ ಹಲವು ಭಾಷೆಗಳಲ್ಲಿ ಬರೆದಿದೆ: ವೈರಿಗಳಾಗಲು ನಾವು ಒಲ್ಲೆವು. ಜಾಗಕ್ಕೆ 'ರಾಷ್ಟ್ರಗಳ ಗುಡಾರ' ಎಂದು ಹೆಸರಿಟ್ಟು, ಬೇರೆ ಬೇರೆ ದೇಶದ ಚರ್ಚುಗಳ ಯುವಕ ಯುವತಿಯರನ್ನು ಕರೆಸಿ ಗಿಡ ನೆಡಿಸುತ್ತಾರೆ, ಹಣ್ಣು ಕೀಳಿಸುತ್ತಾರೆ. ಹೊರದೇಶದವರು ಹೊಲದಲ್ಲಿ ಓಡಾಡಿಕೊಂಡಿದ್ದರೆ ಕೆಡುಕು ಮಾಡುವವರಿಗೂ ಕೊಂಚ ಅಳುಕು, ಆ ಲೆಕ್ಕವೂ ಇದರಲ್ಲಿದೆ ಎನ್ನಿ. ದಾವೂದ್ ಅವರ ಪತ್ನಿ ಪಕ್ಕದ ಹಳ್ಳಿಯ ಮುಸ್ಲಿಂ ಹೆಂಗಸರಿಗೆ ಕಂಪ್ಯೂಟರ್, ಇಂಗ್ಲಿಷ್ ಕಲಿಸುವ ತರಗತಿ ನಡೆಸಿದ್ದಾರೆ. ನನಗೆ ಇಡೀ ಕತೆಯಲ್ಲಿ ಹಿಡಿಸಿದ್ದು ಅದೇ. ಕೋರ್ಟಿನ ಅಲೆದಾಟ ಒಂದು ಕಡೆ ಇರಲಿ, ನೆರೆಮನೆಯವಳಿಗೆ ಕಲಿಸುವುದು ನಿಲ್ಲಬಾರದು ಎಂದುಕೊಂಡರಲ್ಲ!

ಇನ್ನು ಶಾಲೆ ದಾರಿಯ ವಿಷಯ. ಪಶ್ಚಿಮ ದಂಡೆಯ ದಕ್ಷಿಣದಲ್ಲಿ, ಹೆಬ್ರೋನ್ ಪಟ್ಟಣದ ಆಚೆ, ಕುರಿ ಮೇಯಿಸುವವರ ಸಣ್ಣ ಸಣ್ಣ ಊರುಗಳಿವೆ. ತೂಬಾ ಎಂಬಲ್ಲಿನ ಮಕ್ಕಳು ಅತ್‌-ತುವಾನಿ ಎಂಬ ಊರಿನ ಶಾಲೆಗೆ ಹೋಗಬೇಕು. ಹತ್ತಿರದ ದಾರಿ ಒಂದು ವಸಾಹತಿನ ಪಕ್ಕದಲ್ಲೇ ಹಾಯುತ್ತದೆ. ಅಲ್ಲಿಂದ ಕೆಲವರು ಬಂದು ಮಕ್ಕಳ ಮೇಲೆ ಕಲ್ಲು ಬೀರುವುದು, ಅಟ್ಟಿಸಿಕೊಂಡು ಬರುವುದು ಶುರುವಾದ ಮೇಲೆ ಮಕ್ಕಳು ಬಹಳ ದೂರದ ಬಳಸು ದಾರಿ ಹಿಡಿದರು. 2004ರಲ್ಲಿ ಕ್ರಿಶ್ಚಿಯನ್ ಪೀಸ್‌ಮೇಕರ್ ಟೀಮ್ಸ್ ಎಂಬ ತಂಡದವರು ಈ ಮಕ್ಕಳ ಜೊತೆ ನಡೆಯತೊಡಗಿದರು. ಮೆನ್ನೊನೈಟ್, ಕ್ವೇಕರ್ ಮುಂತಾದ, ಆಯುಧ ಮುಟ್ಟಬಾರದೆನ್ನುವ ಸಣ್ಣ ಪಂಗಡಗಳವರು ಕಟ್ಟಿದ ತಂಡ ಅದು. ಅವರ ಕೈಯಲ್ಲಿ ಕ್ಯಾಮರಾ ಬಿಟ್ಟರೆ ಏನೂ ಇಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಮುಸುಕುಧಾರಿಗಳು ಅವರಲ್ಲಿ ಇಬ್ಬರನ್ನು ಸರಪಳಿ, ದೊಣ್ಣೆಗಳಿಂದ ಬಡಿದು ಆಸ್ಪತ್ರೆ ಸೇರಿಸಿದರು. ಸುದ್ದಿ ಎಲ್ಲೆಡೆ ಹರಡಿತು. ಇಸ್ರೇಲಿನ ಸಂಸತ್ತಿನ ಮಕ್ಕಳ ಹಕ್ಕುಗಳ ಸಮಿತಿಯೇ ಮಧ್ಯೆ ಬಂದು, ಈ ಮಕ್ಕಳನ್ನು ಸೈನಿಕರೇ ಶಾಲೆಗೆ ಬಿಟ್ಟುಬರಬೇಕೆಂದಿತು. ಅಂದಿನಿಂದ ಸೇನೆಯ ಜೀಪು ಮಕ್ಕಳ ಹಿಂದೆ ಹೋಗುವ ಏರ್ಪಾಡಾಯಿತು. ಜೀಪು ತಡವಾದ ದಿನ ಮಕ್ಕಳು ಬಿಸಿಲಲ್ಲಿ ಕಾಯಬೇಕು, ಪಾಠ ತಪ್ಪುತ್ತದೆ. ಅದಕ್ಕೇ ಇಟಲಿಯ ಕೆಥೊಲಿಕ್ ಯುವಜನರ 'ಪಾರಿವಾಳ' ತಂಡದವರು ದೂರದಲ್ಲಿ ನಿಂತು, ಜೀಪು ಎಷ್ಟು ಹೊತ್ತಿಗೆ ಬಂತು, ಎಲ್ಲಿಯವರೆಗೆ ಬಂತು ಎಂದು ದಿನವೂ ಬರೆದಿಟ್ಟರು. ಮಗು ಶಾಲೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ಬಾಗಿಲಿಗೂ ಒಳಕ್ಕೂ ಓಡಾಡುವ ನಮಗೆ, ಆ ತಾಯಂದಿರ ಎದೆ ಹೇಗಿದ್ದೀತು ಎಂದು ಊಹಿಸುವುದು ಕಷ್ಟವೇನಲ್ಲ.

ಇದೇ ಬಗೆಯ ಕೆಲಸವನ್ನು ದೊಡ್ಡದಾಗಿ ಮಾಡಿದ್ದು ಜಿನೀವಾದಲ್ಲಿರುವ ಚರ್ಚುಗಳ ವಿಶ್ವ ಮಂಡಳಿ. ಜೆರುಸಲೇಮಿನ ಚರ್ಚುಗಳ ಹಿರಿಯರು ಕೇಳಿಕೊಂಡ ಮೇಲೆ 2002ರಿಂದ ಹಲವು ದೇಶಗಳ ಸ್ವಯಂಸೇವಕರನ್ನು ಮೂರು ಮೂರು ತಿಂಗಳಿಗೆ ಅಲ್ಲಿಗೆ ಕಳಿಸಿತು. ತನಿಖೆ ಗೇಟಿನ ಹತ್ತಿರ ನಿಲ್ಲುವುದು, ಆಲಿವ್ ಸುಗ್ಗಿಯಲ್ಲಿ ರೈತರ ಜೊತೆ ಇರುವುದು, ಊರಿಗೆ ಮರಳಿ ಕಂಡದ್ದನ್ನು ಹೇಳುವುದು ಅವರ ಕೆಲಸ. ಅವರಲ್ಲಿ ಪಿಂಚಣಿ ಬರುವ ವಯಸ್ಸಿನ ಅಜ್ಜಿಯರೂ ಇದ್ದರು! 2009ರ ಡಿಸೆಂಬರಿನಲ್ಲಿ ಪ್ಯಾಲೆಸ್ತೀನಿನ ಕ್ರೈಸ್ತರೇ ಸೇರಿ ಬೆತ್ಲೆಹೇಮಿನಲ್ಲಿ 'ಕೈರೋಸ್' ಎಂಬ ಮನವಿ ಹೊರಡಿಸಿದರು. ಆಕ್ರಮಣ ಪಾಪ, ಆದರೆ ಅದನ್ನು ಪ್ರೀತಿಯ ದಾರಿಯಲ್ಲೇ ಎದುರಿಸಬೇಕು ಎಂಬುದು ಅದರ ತಿರುಳು. ಸಭೆ, ನಿರ್ಣಯ, ಹೇಳಿಕೆಗಳು ಆಮೇಲೂ ಬೇಕಾದಷ್ಟು ಆದವು. ಅವನ್ನೆಲ್ಲ ಬರೆಯುತ್ತ ಕೂತರೆ ನಿಮ್ಮ ಒಲೆಯ ಮೇಲಿನ ಸಾರು ಉಕ್ಕಿಹೋದೀತು.

ಒಂದು ಮಾತು ಮಾತ್ರ ಬಿಡಬಾರದು. ಚರ್ಚುಗಳು ಹೀಗೆ ಮಾತಾಡಿದಾಗ ಬಹಳ ಯಹೂದಿಗಳಿಗೆ ನೋವಾಗುತ್ತದೆ, ಅನುಮಾನವೂ ಬರುತ್ತದೆ. ಅದಕ್ಕೆ ಕಾರಣವಿದೆ. ಯೇಸುವನ್ನು ಕೊಂದವರು ಇವರೇ ಎಂದು ಯೂರೋಪಿನ ಚರ್ಚುಗಳಲ್ಲಿ ಶತಮಾನಗಳ ಕಾಲ ಬೋಧಿಸಿ, ಇಡೀ ಜನಾಂಗವನ್ನು ದೂರ ಇಟ್ಟಿದ್ದರು. ಹಿಟ್ಲರನ ಬೆಂಕಿಗೆ ಆ ಹಳೇ ಸೌದೆಯೂ ಸೇರಿತ್ತು. 1965ರಲ್ಲಿ ವ್ಯಾಟಿಕನ್ ಮಹಾಸಭೆ ಆ ಬೋಧನೆಯನ್ನು ಅಧಿಕೃತವಾಗಿ ಕೈಬಿಟ್ಟಿತು. ಅಷ್ಟು ಹಳೆಯ ಗಾಯ ಒಂದು ಕಾಗದದಿಂದ ಮಾಯುತ್ತದೆಯೇ? ನನ್ನ ಮಟ್ಟಿಗೆ ಹೇಳುವುದಾದರೆ, ಆ ಗಾಯವನ್ನು ಮರೆತು ಪ್ಯಾಲೆಸ್ತೀನಿಯರ ಪರ ಮಾತಾಡುವುದೂ ಸರಿಯಲ್ಲ, ಆ ಗಾಯ ನೆನೆದು ಪ್ಯಾಲೆಸ್ತೀನಿಯರ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳುವುದೂ ಸರಿಯಲ್ಲ.

ಎರಡನ್ನೂ ಎದೆಯಲ್ಲಿಟ್ಟುಕೊಂಡಿದ್ದ ಒಬ್ಬ ಪಾದ್ರಿಯಿದ್ದರು, ಬ್ರೂನೋ ಹುಸ್ಸಾರ್. 1911ರಲ್ಲಿ ಕೈರೋದಲ್ಲಿ ಯಹೂದಿ ತಂದೆತಾಯಿಗೆ ಹುಟ್ಟಿ, ದೊಡ್ಡವರಾದ ಮೇಲೆ ಕ್ರೈಸ್ತರಾದವರು. ಇವರಿಗೆ ಒಂದು ಹುಚ್ಚು ಹಂಬಲ: ಯಹೂದಿಗಳೂ ಅರಬರೂ ಒಂದೇ ಹಳ್ಳಿಯಲ್ಲಿ ಸರಿಸಮಾನರಾಗಿ ಸಂಸಾರ ಮಾಡಬೇಕು. ಜೆರುಸಲೇಮ್ ಮತ್ತು ಟೆಲ್ ಅವೀವ್ ನಡುವಿನ ಲಾತ್ರೂನ್ ಮಠದವರು 1970ರಲ್ಲಿ ನೂರೆಕರೆ ಬೋಳುಗುಡ್ಡ ಗೇಣಿಗೆ ಕೊಟ್ಟರು. ನೀರಿಲ್ಲ, ನೆರಳಿಲ್ಲ, ದಾರಿಯಿಲ್ಲ. ಕೆಲವು ವರ್ಷ ಅಲ್ಲಿ ನಿಂತವರೇ ಕಡಿಮೆ. 1970ರ ದಶಕದ ಕೊನೆಗೆ ಮೊದಲ ಸಂಸಾರಗಳು ಬಂದವು. ಊರಿಗೆ ಎರಡು ಹೆಸರು, ಹೀಬ್ರೂವಿನಲ್ಲಿ ನೆವೆ ಶಾಲೋಮ್, ಅರಬ್ಬಿಯಲ್ಲಿ ವಾಹತ್ ಅಲ್‌ ಸಲಾಮ್. ಎರಡರ ಅರ್ಥವೂ ಶಾಂತಿಯ ನೆಲೆ. 1984ರಲ್ಲಿ ಅಲ್ಲಿ ಪ್ರಾಥಮಿಕ ಶಾಲೆಯಾಯಿತು. ಎರಡು ಭಾಷೆ, ಎರಡೂ ಕಡೆಯ ಉಪಾಧ್ಯಾಯರು, ಮೂರೂ ಧರ್ಮಗಳ ಹಬ್ಬ. ಹಾಗೆಂದು ಎಲ್ಲ ಹಾಲುಜೇನು ಎಂದುಕೊಳ್ಳಬೇಡಿ. ಅರಬ್ ಮಕ್ಕಳು ಹೀಬ್ರೂ ಸರಾಗ ಕಲಿತರು, ಯಹೂದಿ ಮಕ್ಕಳ ಅರಬ್ಬಿ ಅಷ್ಟಕ್ಕಷ್ಟೇ ಆಯಿತು. ದೊಡ್ಡ ಭಾಷೆ ಚಿಕ್ಕದನ್ನು ಒತ್ತುವುದು ಅಲ್ಲೂ ತಪ್ಪಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1997ರಲ್ಲಿ. ಫೆಬ್ರವರಿ 4ರಂದು ಲೆಬನಾನಿಗೆ ಹೊರಟಿದ್ದ ಎರಡು ಸೇನಾ ಹೆಲಿಕಾಪ್ಟರುಗಳು ಡಿಕ್ಕಿಯಾಗಿ 73 ಸೈನಿಕರು ಸತ್ತರು. ಅವರಲ್ಲಿ ಒಬ್ಬ ಇದೇ ಹಳ್ಳಿಯ ಹುಡುಗ. ಎರಡೂ ಕಡೆಯ ಮಕ್ಕಳ ಜೊತೆ ಆಡಿ ಬೆಳೆದವನು. ಊರೆಲ್ಲ ಅತ್ತಿತು. ಆಮೇಲೆ ಅವನ ನೆನಪಿಗೊಂದು ಫಲಕ ಹಾಕುವ ಮಾತು ಬಂದಾಗ ಊರು ಎರಡಾಯಿತು. "ನಮ್ಮ ಮಗುವಿನ ಹೆಸರು ಊರಲ್ಲಿ ಇರಬಾರದೇ?" ಎಂದು ಒಂದು ಕಡೆ. "ಹುಡುಗನ ಮೇಲೆ ನಮಗೂ ಪ್ರೀತಿಯಿದೆ, ಆದರೆ ನಮ್ಮ ಜನರ ವಿರುದ್ಧ ಕಾದುವ ಸೇನೆಯ ಸೈನಿಕನಿಗೆ ನಮ್ಮ ಊರಲ್ಲೇ ಸ್ಮಾರಕವೇ?" ಎಂದು ಇನ್ನೊಂದು ಕಡೆ. ಇದರಲ್ಲಿ ಯಾರನ್ನು ತಪ್ಪೆನ್ನುತ್ತೀರಿ? ಬಹಳ ಕಾಲ ಮಾತು ನಡೆಯಿತು, ಮುಖ ನೋಡದವರೂ ಆದರು. ಕಡೆಗೆ ಅವನು ಆಡುತ್ತಿದ್ದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಫಲಕ ನಿಂತಿತು. ಎಲ್ಲರಿಗೂ ಸಮಾಧಾನವಾಗಲಿಲ್ಲ. ಆದರೆ ಊರು ಒಡೆಯಲಿಲ್ಲ.

2023ರ ಅಕ್ಟೋಬರ್ 7ರ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಹಮಾಸ್ ಪಡೆಯವರು ಇಸ್ರೇಲಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು, 251 ಮಂದಿಯನ್ನು ಹಿಡಿದೊಯ್ದರು. ನಮ್ಮ ಮಂಗಳೂರು, ಉಡುಪಿ ಕಡೆಯಿಂದ ವೃದ್ಧರ ಆರೈಕೆ ಕೆಲಸಕ್ಕೆ ಅಲ್ಲಿಗೆ ಹೋದವರು ಬಹಳ. ಅವರ ಮನೆಗಳಲ್ಲಿ ಆ ರಾತ್ರಿ ಯಾರೂ ಮಲಗಿರಲಾರರು. ಜೆರುಸಲೇಮಿನ ಕೆಥೊಲಿಕ್ ಕಾರ್ಡಿನಲ್ ಪಿತ್ಸಬಾಲಾ ಅವರು, ಒತ್ತೆಯಲ್ಲಿರುವ ಮಕ್ಕಳನ್ನು ಬಿಟ್ಟರೆ ಅವರ ಬದಲು ತಾನೇ ಹೋಗಲು ಸಿದ್ಧ ಎಂದರು. ಅತ್ತ ಗಾಜಾದ ಮೇಲೆ ಬಿದ್ದ ಬಾಂಬುಗಳಿಗೆ ಎರಡು ವರ್ಷದಲ್ಲಿ 67,000ಕ್ಕೂ ಹೆಚ್ಚು ಜನ ಸತ್ತರೆಂದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ.

ಗಾಜಾದ ಏಕೈಕ ಕೆಥೊಲಿಕ್ ಚರ್ಚಿನ ಆವರಣದಲ್ಲಿ ನೂರಾರು ಜನ ಆಶ್ರಯ ಪಡೆದರು. ಅಲ್ಲೇ ಮದರ್ ತೆರೇಸಾ ಸಂಸ್ಥೆಯ ಸಿಸ್ಟರುಗಳು ಅಂಗವಿಕಲರನ್ನು ನೋಡಿಕೊಳ್ಳುತ್ತಿದ್ದರು. ಹೌದು, ನಾವು ನೋಡಿರುವ ಅದೇ ನೀಲಿ ಅಂಚಿನ ಬಿಳಿ ಸೀರೆ! 2023ರ ಡಿಸೆಂಬರಿನಲ್ಲಿ ಅವರ ಮನೆಗೂ ಶೆಲ್ ಬಿತ್ತು, 54 ಅಂಗವಿಕಲರು ನೆಲೆ ಕಳೆದುಕೊಂಡರು. ಅದೇ ದಿನ ಆವರಣದಲ್ಲಿ ಒಬ್ಬ ತಾಯಿ, ಅವಳ ಮಗಳು ಗುಂಡಿಗೆ ಸತ್ತರು. ಇಸ್ರೇಲಿ ಸೈನಿಕನ ಗುಂಡು ಅದೆಂದು ಚರ್ಚು ಹೇಳಿತು, ಸೇನೆ ಒಪ್ಪಲಿಲ್ಲ. ಪೋಪ್ ಫ್ರಾನ್ಸಿಸ್ ಅವರು ಹೆಚ್ಚುಕಡಿಮೆ ದಿನವೂ ಸಂಜೆ ಆ ಚರ್ಚಿಗೆ ಫೋನ್ ಮಾಡಿ, ಹೇಗಿದ್ದೀರಿ, ಇವತ್ತೇನು ಊಟ ಮಾಡಿದಿರಿ ಎಂದು ವಿಚಾರಿಸುತ್ತಿದ್ದರು. 2025ರ ಏಪ್ರಿಲ್ 21ರಂದು ತೀರಿಕೊಳ್ಳುವ ಎರಡು ದಿನ ಮುಂಚೆಯೂ ಆ ಫೋನು ಬಂದಿತ್ತು. ಆ ಜುಲೈ 17ರಂದು ಚರ್ಚಿಗೇ ಶೆಲ್ ತಗುಲಿ ಮೂವರು ಸತ್ತರು. ಗುರಿ ತಪ್ಪಿತು ಎಂದು ಇಸ್ರೇಲ್ ವಿಷಾದಿಸಿತು. ಮರುದಿನವೇ ಕಾರ್ಡಿನಲ್ ಮತ್ತು ಗ್ರೀಕ್ ಸಂಪ್ರದಾಯದ ಹಿರಿಯ ಗುರು ಇಬ್ಬರೂ ಜೊತೆಯಾಗಿ ಗಾಜಾದ ಒಳಗೆ ಹೋದರು. ಅಕ್ಟೋಬರ್ 10ಕ್ಕೆ ಕದನವಿರಾಮವಾಯಿತು.

ನಮ್ಮ ಕಡೆಯಿಂದಲೂ ಪವಿತ್ರ ನಾಡಿನ ಯಾತ್ರೆಗೆ ಹೋಗುವವರುಂಟು. ನಿಮ್ಮ ಪರಿಚಯದವರು ಯಾರಾದರೂ ಶಾಂತಿಯಿರುವ ಕಾಲ ನೋಡಿ ಹೊರಟರೆ, ಬೆತ್ಲೆಹೇಮಿನಲ್ಲಿ ಆಲಿವ್ ಮರದ ಒಂಟೆ ಕೊಂಡು ಬಸ್ಸು ಹತ್ತುವ ಮೊದಲು ನಾಸರ್ ಅವರ ಹೊಲ ನೋಡಬೇಕೆಂದು ಕೇಳಲು ಹೇಳಿ. ಮೊದಲೇ ತಿಳಿಸಿಟ್ಟರೆ ಮನೆಯವರು ಬರಮಾಡಿಕೊಳ್ಳುತ್ತಾರೆ. ದಾರಿಗೆ ಬಂಡೆ ಅಡ್ಡವಿದ್ದರೆ ಕೊನೆಯ ಏರನ್ನು ನಡೆದೇ ಹತ್ತಬೇಕಾದೀತು. ಗಟ್ಟಿ ಚಪ್ಪಲಿ ಹಾಕಿಕೊಳ್ಳುವುದು ಒಳ್ಳೆಯದು.