ಅಗ್ನಿಪರ್ವತದ ಬೂದಿಯೂ ಕ್ಲಾರ್ಕ್, ಸುಬಿಕ್ ಸೇನಾನೆಲೆಗಳೂ

ಅಗ್ನಿಪರ್ವತಗಳು ಉಗುಳುವ ಸೂಕ್ಷ್ಮಪದಾರ್ಥಕ್ಕೆ ನಮ್ಮ ಭಾಷೆಯಲ್ಲಿ ‘ಬೂದಿ’ ಎಂಬ ಹೆಸರು ರೂಢಿಗೆ ಬಂದಿದೆ. ಈ ಶಬ್ದವು ವಾಚಕರಲ್ಲಿ ಭ್ರಾಂತಿಯನ್ನು ಹುಟ್ಟಿಸತಕ್ಕದ್ದು. ಒಲೆಯ ಬೂದಿಯು ಸುಟ್ಟುಳಿದ ವಸ್ತು. ಹಗುರವಾದದ್ದು, ಮೆತ್ತನೆಯದು, ಪಾತ್ರೆ ಬೆಳಗುವುದಕ್ಕೂ ಗೊಬ್ಬರಕ್ಕೂ ಒದಗುವಂಥದು. ಅಗ್ನಿಪರ್ವತದ ಬೂದಿಯಾದರೋ ಯಾವುದೂ ಉರಿದು ಉಂಟಾದುದಲ್ಲ. ಭೂಗರ್ಭದ ಶಿಲಾರಸದಲ್ಲಿ ಕರಗಿದ್ದ ಅನಿಲಗಳು ಒಮ್ಮೆಗೇ ಹಿಗ್ಗಿ, ಆ ರಸವನ್ನೂ ಸುತ್ತಣ ಬಂಡೆಯನ್ನೂ ಸಿಡಿಸಿದಾಗ ಹುಟ್ಟುವ ಕಲ್ಲಿನ ಮತ್ತು ಗಾಜಿನ ಪುಡಿಯೇ ಅದು. ಕಣಗಳು 2 ಮಿಲಿಮೀಟರಿಗಿಂತ ಸಣ್ಣವು, ಅಂಚುಗಳು ಹರಿತ, ನೀರಿನಲ್ಲಿ ಕರಗವು. 1991ರಲ್ಲಿ ಫಿಲಿಪ್ಪೀನ್ಸ್ ದೇಶದ ಎರಡು ಸೇನಾನೆಲೆಗಳಿಗೆ ಒದಗಿದ ಅವಸ್ಥೆಯನ್ನು ಅರಿಯಬೇಕಾದರೆ ಈ ಭೇದವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಲೂಜಾನ್ ದ್ವೀಪದ ಪಿನಾಟುಬೊ ಪರ್ವತಕ್ಕೆ ಪೂರ್ವದಲ್ಲಿ ಕ್ಲಾರ್ಕ್ ವಾಯುನೆಲೆಯೂ ನೈಋತ್ಯದ ಕಡೆಗೆ ಸುಬಿಕ್ ನೌಕಾನೆಲೆಯೂ ಇದ್ದುವು. ಎರಡೂ ಅಮೆರಿಕದ ಸೇನೆಯ ವಶದಲ್ಲಿದ್ದುವು. ಸುಮಾರು 500 ವರ್ಷ ಸುಮ್ಮನಿದ್ದ ಪರ್ವತವು 1991ರ ಏಪ್ರಿಲಿನಲ್ಲಿ ಹೊಗೆಯಾಡತೊಡಗಿತು. ಉಭಯ ದೇಶಗಳ ಭೂಶಾಸ್ತ್ರಜ್ಞರು ಕ್ಲಾರ್ಕಿನಲ್ಲೇ ಬೀಡುಬಿಟ್ಟು, ನೆಲದ ಕಂಪನಗಳನ್ನು ಅಳೆದು, ಸಕಾಲದಲ್ಲಿ ಎಚ್ಚರಿಕೆ ಕೊಟ್ಟರು. ಜೂನ್ 10ರಂದು ಸುಮಾರು 14,500 ಮಂದಿ ಕ್ಲಾರ್ಕನ್ನು ತೊರೆದು ಸುಬಿಕ್ಕಿನ ಆಶ್ರಯಕ್ಕೆ ಹೊರಟರು. ವಿಮಾನಗಳನ್ನು ಬಹುಮಟ್ಟಿಗೆ ಬೇರೆಡೆಗೆ ಸಾಗಿಸಿದ್ದರು.

ಈ ಮುನ್ನೆಚ್ಚರಿಕೆ ಇಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಇಟಲಿಯಲ್ಲಿ ನಿದರ್ಶನವುಂಟು. 1944ರ ಮಾರ್ಚಿಯಲ್ಲಿ ವೆಸೂವಿಯಸ್ ಸಿಡಿದಾಗ ಅದರ ತಪ್ಪಲಿನ ಟೆರ್ಜಿನ್ಯೊ ಗ್ರಾಮದ ಬಳಿ ನಿಂತಿದ್ದ ಅಮೆರಿಕದ 340ನೆಯ ಬಾಂಬರು ದಳದ ಸುಮಾರು 80 ವಿಮಾನಗಳು ನೆಲದಲ್ಲಿಯೇ ಹಾಳಾದುವು. ಬಿಸಿಯಾದ ಬೂದಿ ಮತ್ತು ಕಿಟ್ಟಗಳಿಂದ ರೆಕ್ಕೆಬಾಲಗಳ ಬಟ್ಟೆಯ ಭಾಗಗಳು ಸುಟ್ಟು, ಕಿಟಕಿಗಳು ಬಿರಿದುವು. ಮುಂದೆ ‘ಕ್ಯಾಚ್-22’ ಕಾದಂಬರಿಯನ್ನು ಬರೆದ ಜೋಸೆಫ್ ಹೆಲ್ಲರ್ ಅದೇ ವರ್ಷ ಸೇರಿದ್ದು ಈ ದಳವನ್ನೇ ಎಂಬುದು ಸಾಹಿತ್ಯಾಧ್ಯಾಪಕರಿಗೆ ಕುತೂಹಲಕರವಾದೀತು.

ಪಿನಾಟುಬೊ ಪೂರ್ಣವಾಗಿ ಸಿಡಿದದ್ದು ಜೂನ್ 15ರಂದು. ಬೂದಿಯ ಕಂಬವು ಸುಮಾರು 35 ಕಿಲೋಮೀಟರ್ ಎತ್ತರಕ್ಕೆ ಏರಿತು. ದುರ್ದೈವದಿಂದ ಯುನ್ಯಾ ಎಂಬ ಚಂಡಮಾರುತವೂ ಅಂದೇ ಲೂಜಾನನ್ನು ಹಾಯಿತು. ಬೂದಿ ಸುತ್ತಲೂ ಚೆದರಿತು, ಹಗಲೇ ಕತ್ತಲಾಯಿತು, ಆಶ್ರಯಸ್ಥಾನವಾದ ಸುಬಿಕ್ಕಿನ ಮೇಲೂ ಬೂದಿ ದಟ್ಟವಾಗಿ ಸುರಿಯಿತು. ಇದಕ್ಕಿಂತಲೂ ಅನರ್ಥಕರವಾದದ್ದು ಮಳೆ. ಒಣಬೂದಿಯ ಘನಮೀಟರೊಂದು 500ರಿಂದ 1,300 ಕಿಲೋಗ್ರಾಮ್ ತೂಗಿದರೆ ನೆನೆದದ್ದು 2,000ದವರೆಗೂ ತೂಗಬಲ್ಲುದು. ಅಂದರೆ 10 ಸೆಂಟಿಮೀಟರ್ ದಪ್ಪನಾದ ಹಸಿಬೂದಿ ಮಾಡಿನ ಪ್ರತಿಯೊಂದು ಚದರಮೀಟರಿನ ಮೇಲೂ 200 ಕಿಲೋಗ್ರಾಮಿನಷ್ಟು ಭಾರ ಹೇರಬಹುದು. ನಡುವೆ ಕಂಬಗಳಿಲ್ಲದ ವಿಶಾಲವಾದ ಕಟ್ಟಡಗಳ ಛಾವಣಿಗಳು ಈ ಭಾರಕ್ಕೆ ಕುಸಿದುವು. ಆ ದಿನಗಳಲ್ಲಿ ಸುತ್ತಣ ಊರುಗಳಲ್ಲಿ ಸತ್ತವರ ಪೈಕಿ ಬಹುಮಂದಿ ಸತ್ತದ್ದು ತಮ್ಮ ಮನೆಯ ಮಾಡಿನ ಕೆಳಗೇ ಸಿಕ್ಕಿ.

ಇಂಥ ಬೂದಿಯನ್ನು ತೆಗೆಯುವ ಕೆಲಸವು ಕಸ ಗುಡಿಸುವಷ್ಟು ಸುಲಭವಲ್ಲ. ನೀರು ಬಿಟ್ಟು ತೊಳೆದರೆ ಅದು ಮೋರಿಗಳಲ್ಲಿ ಇಳಿದು ಗಾರೆಯಂತೆ ಗಟ್ಟಿಯಾಗುತ್ತದೆ. ಒಣಗಿದ್ದಂತೆಯೇ ಗುಡಿಸಿದರೆ ಎದ್ದು ಶ್ವಾಸಕೋಶವನ್ನು ಸೇರುತ್ತದೆ. ಆದಕಾರಣ ತುಸುವೇ ನೀರು ಚಿಮುಕಿಸಿ, ಸಲಿಕೆಯಿಂದ ಕೆರೆದು, ಮಳೆನೀರು ಮತ್ತೆ ಕೊಚ್ಚಿ ತರದ ಎಡೆಯಲ್ಲಿ ಸುರಿದು, ಮಣ್ಣು ಮುಚ್ಚಬೇಕು. ಮಾಡುಗಳದು ಮೊದಲ ಸರದಿ. ನೆನೆದ ಬೂದಿಯಲ್ಲಿ ವಿದ್ಯುತ್ತು ಹರಿಯುವುದರಿಂದ ತಂತಿಕಂಬಗಳ ಪಿಂಗಾಣಿ ಬಿಲ್ಲೆಗಳನ್ನೂ ಒರಸಬೇಕಾಗುತ್ತದೆ. ವಿಮಾನಗಳ ಓಡುದಾರಿಯದಂತೂ ಬೇರೆಯೇ ಕಷ್ಟ: ಅಲ್ಲಿ ಉಳಿದ ಕಣಗಳು ಯಂತ್ರದೊಳಕ್ಕೆ ಸೆಳೆಯಲ್ಪಟ್ಟು, ಅದರ ಬೇಗೆಗೆ ಕರಗಿ, ಅಲಗುಗಳಿಗೆ ಗಾಜಿನಂತೆ ಅಂಟಿಕೊಳ್ಳಬಲ್ಲುವು.

ಅಮೆರಿಕದವರನ್ನು ಫಿಲಿಪ್ಪೀನ್ಸಿನಿಂದ ಓಡಿಸಿದ್ದು ಪಿನಾಟುಬೊ ಎಂದು ಹೇಳುವ ವಾಡಿಕೆಯುಂಟು. ಈ ಮಾತು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ನೆಲೆಗಳ ಒಪ್ಪಂದದ ಅವಧಿ ಆ ಸೆಪ್ಟೆಂಬರಿನಲ್ಲೇ ಮುಗಿಯುವುದಿತ್ತು. ಕ್ಲಾರ್ಕನ್ನು ಹಸನುಮಾಡುವ ವೆಚ್ಚಕ್ಕೆ ತಕ್ಕ ಫಲವಿಲ್ಲವೆಂದು ಜುಲೈಯಲ್ಲೇ ಅದರ ಆಸೆ ಬಿಟ್ಟರು; ನವೆಂಬರ್ 26ರಂದು ಒಪ್ಪಿಸಿಕೊಟ್ಟು ಹೊರಟರು. ಸುಬಿಕ್ಕನ್ನಾದರೋ ಬಿಡುವ ಮನಸ್ಸಿರಲಿಲ್ಲ. ನಾವಿಕರು ಬೂದಿಯನ್ನು ಎತ್ತಿಹಾಕಿ ಅದನ್ನು ಮತ್ತೆ ಕೆಲಸಕ್ಕೆ ತಂದರು. ಹಾಗೆ ಶುಚಿಗೊಳಿಸಿದ ನೆಲೆಯನ್ನು ಅವರ ಕೈತಪ್ಪಿಸಿದ್ದು ಬೂದಿಯಲ್ಲ, ಫಿಲಿಪ್ಪೀನ್ಸಿನ ಸೆನೆಟ್ ಸಭೆ: 1991ರ ಸೆಪ್ಟೆಂಬರ್ 16ರಂದು ಹೊಸ ಒಪ್ಪಂದವು 12ಕ್ಕೆ 11 ಮತಗಳಿಂದ ಬಿದ್ದುಹೋಯಿತು. 1992ರ ನವೆಂಬರ್ 24ರಂದು ಸುಬಿಕ್ಕೂ ತೆರವಾಯಿತು.

ಕ್ಲಾರ್ಕ್ ಈಗ ವಿಮಾನನಿಲ್ದಾಣವೂ ಉದ್ಯಮಕೇಂದ್ರವೂ ಆಗಿದೆ. ಪರ್ವತದ ಇಳಿಜಾರಿನಲ್ಲಿ ನಿಂತ ಬೂದಿಯಾದರೋ ವರ್ಷವರ್ಷವೂ ಮಳೆಯೊಡನೆ ಕೆಸರುಹೊಳೆಯಾಗಿ ಇಳಿಯಿತು. ಜಾವಾ ದ್ವೀಪದವರ ಮಾತಿನಿಂದ ಇದಕ್ಕೆ ‘ಲಾಹಾರ್’ ಎಂದು ಹೆಸರು. 1995ರಲ್ಲಿ ಇದು ಬಾಕೊಲೊರ್ ಪಟ್ಟಣವನ್ನು ಹೂತುಹಾಕಿತು. ಅಲ್ಲಿಯ ಹಳೆಯ ಚರ್ಚು ಅರ್ಧದವರೆಗೆ ನೆಲದೊಳಗಿದೆ. ಹಿಂದೆ ಕಿಟಕಿಗಳಾಗಿದ್ದ ಎಡೆಗಳಿಂದ ಜನರು ಒಳಹೊಕ್ಕು ಪ್ರಾರ್ಥನೆ ಸಲ್ಲಿಸುತ್ತಾರೆ.